ವಿದೇಶಾಂಗ ನೀತಿಗೆ ವೋಟು ಕೇಳಿದ ಚುನಾವಣೆ: ಉತ್ತರ ಮುಂಬೈ, 1962

2024ರ ಸೆಪ್ಟೆಂಬರ್ 11, ಬೆಳಿಗ್ಗೆ ಆರೂವರೆ. ಅಮೆರಿಕದಲ್ಲಿ ಅದು ಹಿಂದಿನ ದಿನದ ರಾತ್ರಿ ಒಂಬತ್ತು ಗಂಟೆ. ಫಿಲಡೆಲ್ಫಿಯಾದಲ್ಲಿ ಡೊನಾಲ್ಡ್ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಎದುರುಬದುರು ನಿಂತು ವಾದಿಸುತ್ತಿದ್ದರು. ಕಲ್ಯಾಣ್‌ನಿಂದ ಹೊರಟ ಲೋಕಲ್‌ನಲ್ಲಿ ಕೂತು ನಾನು ಮೊಬೈಲಿನಲ್ಲಿ ಅದನ್ನೇ ನೋಡ್ತಾ ಇದ್ದೆ. ಡೊಂಬಿವಲಿಯಲ್ಲಿ ಎಂದಿನಂತೆ ನಮ್ಮ ಶೆಟ್ರು ಹತ್ತಿದರು. ಅವರು ಥಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯುವವರು, ಅಲ್ಲೊಂದು ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಾರೆ. ನನ್ನ ಮೊಬೈಲಿಗೆ ಇಣುಕಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಗಾಜಾ, ಉಕ್ರೇನ್, ಅಫ್ಘಾನಿಸ್ತಾನ ಅಂತ ಇಷ್ಟು ಜಗಳ ಮಾಡ್ತಾರಲ್ಲ ಮಾರಾಯ್ರೆ, ಇದಕ್ಕೆಲ್ಲ ವೋಟು ಬೀಳ್ತದಾ? ನಮ್ಮಲ್ಲಿ ನೀರು, ರಸ್ತೆ, ಜಾತಿ. ಮುಗೀತು."

"ನಮ್ಮಲ್ಲೂ ಬಿದ್ದಿತ್ತು ಶೆಟ್ರೇ, ಇದೇ ಲೈನಿನಲ್ಲಿ. ನೀವು ಇಳಿಯೋ ಥಾಣೆ ದಾಟಿದ ಮೇಲೆ ಸಿಗ್ತದಲ್ಲ, ಆ ಕಡೆ" ಅಂದೆ. ಅವರು ನಂಬಲಿಲ್ಲ. ಥಾಣೆಯೂ ಬಂತು, ಇಳಿದು ಹೋದರು. ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಟಿ.ವಿ.ಯಲ್ಲಿ ಎದುರಾಗುವ ಪದ್ಧತಿ ಶುರುವಾದದ್ದು 1960ರಲ್ಲಿ, ಕೆನಡಿ ಮತ್ತು ನಿಕ್ಸನ್ ನಡುವೆ. ನಾಲ್ಕು ಸಲ ವಾದ ನಡೆಯಿತು. ಅಕ್ಟೋಬರ್ 21ರ ನಾಲ್ಕನೆಯದನ್ನು ಪೂರ್ತಿಯಾಗಿ ವಿದೇಶಾಂಗ ನೀತಿಗೇ ಬಿಟ್ಟಿದ್ದರು. ಕ್ಯೂಬಾವನ್ನು ಏನು ಮಾಡಬೇಕು, ಚೀನಾದ ದಡಕ್ಕೆ ಅಂಟಿಕೊಂಡಂತಿರುವ ಕ್ವಿಮಾಯ್, ಮಾತ್ಸು ಎಂಬ ಪುಟ್ಟ ದ್ವೀಪಗಳಿಗಾಗಿ ಅಮೆರಿಕ ಯುದ್ಧಕ್ಕೆ ಇಳಿಯಬೇಕೆ ಬೇಡವೆ, ಇದು ಜಗಳ. ಆ ದ್ವೀಪಗಳ ಹೆಸರನ್ನು ಅದಕ್ಕೆ ಮುಂಚೆ ಕೇಳಿರದ ಅಮೆರಿಕನ್ನರೇ ಹೆಚ್ಚಿರಬೇಕು. ಆದರೂ ಕೂತು ಕೇಳಿದರು.

ಅದಾಗಿ ಹದಿನಾರು ತಿಂಗಳಿಗೆ, 1962ರ ಫೆಬ್ರವರಿಯಲ್ಲಿ, ನಮ್ಮಲ್ಲಿ ಮೂರನೇ ಮಹಾಚುನಾವಣೆ. ನಮಗೆ ಟಿ.ವಿ. ಇರಲಿಲ್ಲ, ಅಭ್ಯರ್ಥಿಗಳನ್ನು ಒಂದೇ ವೇದಿಕೆಯಲ್ಲಿ ನಿಲ್ಲಿಸುವ ರೂಢಿಯೂ ಇಲ್ಲ. ಆದರೆ ಮುಂಬೈಯ ಉಪನಗರಗಳ ಆ ಒಂದು ಲೋಕಸಭಾ ಕ್ಷೇತ್ರದಲ್ಲಿ, ಉತ್ತರ ಮುಂಬೈಯಲ್ಲಿ, ವಾರಗಟ್ಟಲೆ ಮೈದಾನಗಳಲ್ಲಿ ನಡೆದದ್ದು ಅಂಥದೇ ವಾದ. ಒಂದು ಕಡೆ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. ಇನ್ನೊಂದು ಕಡೆ ಸ್ವಾತಂತ್ರ್ಯ ಬಂದಾಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದು, ಆಮೇಲೆ ಆ ಪಕ್ಷ ಬಿಟ್ಟು ಬಂದ ಆಚಾರ್ಯ ಜೆ.ಬಿ. ಕೃಪಲಾನಿ, ವಯಸ್ಸು ಎಪ್ಪತ್ತಮೂರು. ಮೆನನ್ ಬೆನ್ನಿಗೆ ಕಾಂಗ್ರೆಸ್ಸಿನ ಜೊತೆ ಕಮ್ಯುನಿಸ್ಟರೂ ನಿಂತರು. ಕೃಪಲಾನಿ ಬೆನ್ನಿಗೆ ಪ್ರಜಾ ಸಮಾಜವಾದಿಗಳು, ಸ್ವತಂತ್ರ ಪಕ್ಷ, ಜನಸಂಘ. ಅಮೆರಿಕದ 'ಟೈಮ್' ಪತ್ರಿಕೆ ಆ ಫೆಬ್ರವರಿಯಲ್ಲಿ ಮೆನನ್ ಮುಖವನ್ನೇ ಮುಖಪುಟಕ್ಕೆ ಹಾಕಿತು. ಇಲ್ಲಿನ ಒಂದು ಲೋಕಸಭಾ ಸೀಟಿನ ಬಗ್ಗೆ ನ್ಯೂಯಾರ್ಕಿನಲ್ಲಿ ಅಷ್ಟು ತಲೆಕೆಡಿಸಿಕೊಂಡದ್ದು ಬಹುಶಃ ಅದೊಂದೇ ಸಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ಇಲ್ಲಿಯವರಲ್ಲ. ಮೆನನ್ ಕಲ್ಲಿಕೋಟೆಯವರು. ಕೃಪಲಾನಿ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಹುಟ್ಟಿದವರು, ನಮ್ಮ ಕಲ್ಯಾಣ್ ಪಕ್ಕದ ಉಲ್ಲಾಸನಗರ ತುಂಬಿಕೊಂಡಿರುವ ಸಿಂಧಿಗಳ ನಾಡಿನವರು. ಮಹಾರಾಷ್ಟ್ರ ರಾಜ್ಯ ಆಗಿ ಎರಡು ವರ್ಷವೂ ತುಂಬಿರಲಿಲ್ಲ, ಭಾಷೆಯ ಹೋರಾಟದ ಗಾಯ ಇನ್ನೂ ಹಸಿ. ಅಂಥ ಹೊತ್ತಿನಲ್ಲೂ ಒಬ್ಬ ಮಲಯಾಳಿ ಮತ್ತು ಒಬ್ಬ ಸಿಂಧಿ ಈ ಊರಿನಲ್ಲಿ ನಿಂತು ಚೀನಾದ ಬಗ್ಗೆ ಜಗಳ ಆಡಬಹುದಿತ್ತು. ಇದನ್ನು ನೆನಪಿನಲ್ಲಿಡಿ, ಐದು ವರ್ಷದ ನಂತರದ ಕಥೆಗೆ ಬೇಕಾಗುತ್ತದೆ.

ನಮ್ಮ ಅಬ್ಬಾ ಆಗ ಘಾಟ್ಕೋಪರ್‌ನಲ್ಲಿದ್ದರು. ವಿಜಾಪುರದ ಕಡೆಯ ಹಳ್ಳಿಯಿಂದ ಬಂದು ಕಾರ್ಖಾನೆ ಸೇರಿ ವರ್ಷ ಆಗಿತ್ತು. ವಯಸ್ಸು ಹತ್ತೊಂಬತ್ತು. ಆಗ ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಿತ್ತು, ಹಾಗಾಗಿ ಅವರಿಗೆ ವೋಟಿಲ್ಲ. ಆದರೂ ಸಭೆಗೆ ಓಡಿದರು. ಯಾಕೆ ಅಂದರೆ ದಿಲೀಪ್ ಕುಮಾರ್ ಬರ್ತಾರೆ ಅಂತ ಸುದ್ದಿ! ಸುದ್ದಿ ಸುಳ್ಳಲ್ಲ. ಮೆನನ್ ಪರ ಪ್ರಚಾರ ಮಾಡಬೇಕೆಂದು ನೆಹರೂ ತಮ್ಮನ್ನು ಕೇಳಿಕೊಂಡದ್ದನ್ನು ದಿಲೀಪ್ ಕುಮಾರ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಬ್ಬಾ ಅವರನ್ನು ಕೊನೆಯವರೆಗೂ 'ಯೂಸುಫ್ ಭಾಯ್' ಅಂತಲೇ ಕರೆಯುತ್ತಿದ್ದರು. "ಅಂವಾ ಸಿನಿಮಾದಾಗ ಮಾತಾಡಿದಂಗ ಮೆಲ್ಲಕ ಮಾತಾಡಿದ. ಗೋವಾ ಅಂದ, ಕಾಶ್ಮೀರ ಅಂದ. ನಾ ನಾಯಕನ ಮುಖಾ ನೋಡ್ಲಿಕ್ಕ ಹೋಗಿದ್ದೆ, ಬರೋವಾಗ ದೇಶದ ಚಿಂತಿ ಹೊತಗೊಂಡು ಬಂದೆ" ಎಂದು ನಗುತ್ತಿದ್ದರು.

ಆ ಮೈದಾನಗಳಲ್ಲಿ ಏನೇನು ವಾದ ಇತ್ತು?

ಮೊದಲನೆಯದು ಚೀನಾ. ಅಕ್ಸಾಯ್ ಚಿನ್‌ನಲ್ಲಿ ಚೀನಾ ರಸ್ತೆ ಮಾಡಿದೆ ಎಂದು ಸಂಸತ್ತಿಗೆ ಸರಕಾರ ಹೇಳಿದ್ದು 1959ರ ಆಗಸ್ಟಿನಲ್ಲಿ. ಅದೇ ತಿಂಗಳು ಈಶಾನ್ಯದ ಲೋಂಗ್‌ಜೂದಲ್ಲಿ ಗುಂಡಿನ ಚಕಮಕಿ. ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ನಮ್ಮ ಹತ್ತು ಪೊಲೀಸರು ಸತ್ತರು. ಇವತ್ತಿಗೂ ಪ್ರತಿ ವರ್ಷ ಆ ದಿನವನ್ನು ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ಮೆನನ್‌ಗೆ ಗಡಿಯ ಆಚೆ ಶತ್ರು ಅಂದರೆ ಪಾಕಿಸ್ತಾನ ಮಾತ್ರ ಕಾಣುತ್ತದೆ, ಕಮ್ಯುನಿಸ್ಟ್ ಚೀನಾ ಕಾಣುವುದಿಲ್ಲ ಎಂಬುದು ವಿರೋಧಿಗಳ ಆರೋಪ. 1961ರ ಏಪ್ರಿಲ್‌ನಲ್ಲಿ ಕೃಪಲಾನಿ ಲೋಕಸಭೆಯಲ್ಲಿ ಮಾಡಿದ ಭಾಷಣವನ್ನು ಆಗಿನವರು ಬಹಳ ಕಾಲ ನೆನಪಿಟ್ಟುಕೊಂಡರು. ಸೈನ್ಯದಲ್ಲಿ ಗುಂಪುಗಾರಿಕೆ ಹುಟ್ಟಿಸಿದ್ದಾರೆ, ತಮಗೆ ಬೇಕಾದವರಿಗೆ ಬಡ್ತಿ ಕೊಟ್ಟಿದ್ದಾರೆ, ಸೈನಿಕರ ಆತ್ಮಸ್ಥೈರ್ಯ ಕುಗ್ಗಿಸಿದ್ದಾರೆ ಎಂದು ಮೆನನ್‌ರನ್ನು ನೇರವಾಗಿ ಹಿಡಿದು ಕೇಳಿದ್ದರು.

ಇಲ್ಲಿ ನಮ್ಮ ನಾಡಿನ ಒಬ್ಬರು ಬರುತ್ತಾರೆ. ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಭೂಸೇನೆಯ ಮುಖ್ಯಸ್ಥರಾಗಿದ್ದ ಅವರು ಮೆನನ್ ಜೊತೆ ಏಗಲಾರದೆ 1959ರ ಆಗಸ್ಟ್ 31ರಂದು ರಾಜೀನಾಮೆ ಬರೆದು ಕೊಟ್ಟರು. ನೆಹರೂ ಕರೆಸಿ ಸಮಾಧಾನ ಮಾಡಿ ವಾಪಸ್ ಪಡೆಯುವಂತೆ ಮಾಡಿದರು. ಆಮೇಲೆ ಸಂಸತ್ತಿನಲ್ಲಿ ಮಾತ್ರ, ಸೈನ್ಯ ನಾಗರಿಕ ಸರಕಾರದ ಕೈಕೆಳಗೇ ಇರಬೇಕು ಎಂದು ತಿಮ್ಮಯ್ಯನವರ ನಡೆಯನ್ನೇ ಟೀಕಿಸಿದರು. ನನಗೆ ಇದು ನೆಹರೂ ಮಾಡಿದ ಅನ್ಯಾಯ ಅಂತಲೇ ಅನಿಸುತ್ತದೆ. ತತ್ವ ಸರಿಯೇ, ಆದರೆ ಸಮಾಧಾನ ಹೇಳಿ ಕಳಿಸಿದವರನ್ನು ಸಭೆಯಲ್ಲಿ ನಿಲ್ಲಿಸಿ ಬೈಯುವುದು ಯಾವ ರೀತಿ? 1961ರ ಮೇನಲ್ಲಿ ತಿಮ್ಮಯ್ಯ ನಿವೃತ್ತರಾದರು.

ಮೆನನ್ ಕಡೆಯ ವಾದವೂ ಹಗುರದ್ದಲ್ಲ. 1957ರ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಎರಡು ದಿನ ಸೇರಿ ಸುಮಾರು ಎಂಟು ಗಂಟೆ ಮಾತಾಡಿದವರು ಅವರು. ಮಾತಾಡ್ತಾ ಮಾತಾಡ್ತಾ ಕುಸಿದು ಬಿದ್ದರು. ಅದೇ ವರ್ಷ ಇದೇ ಉತ್ತರ ಮುಂಬೈಯಿಂದ ಲೋಕಸಭೆಗೆ ಗೆದ್ದರು. ಅಮೆರಿಕದ ಕೂಟಕ್ಕೂ ಸೇರದೆ ರಷ್ಯಾದ ಕೂಟಕ್ಕೂ ಸೇರದೆ ಇರುವ ಅಲಿಪ್ತ ನೀತಿ ಬಡ ದೇಶಗಳಿಗೆ ಇರುವ ಒಂದೇ ಮಾನದ ದಾರಿ ಎಂಬುದು ಅವರ ಮಾತು. ಮೆನನ್ ಸೋತರೆ ಅದು ತಮ್ಮ ನೀತಿಗೇ ಆದ ಸೋಲು ಎಂಬ ಅರ್ಥದಲ್ಲಿ ನೆಹರೂ ಪ್ರಚಾರ ಮಾಡಿದರು. ಒಬ್ಬ ಪ್ರಧಾನಿ ತನ್ನ ವಿದೇಶಾಂಗ ನೀತಿಯನ್ನು ಹೀಗೆ ಒಂದು ಕ್ಷೇತ್ರದ ಕಾರ್ಖಾನೆ ಕೆಲಸಗಾರರ, ಗುಮಾಸ್ತರ, ಹೋಟೆಲ್ ಹುಡುಗರ ಮುಂದೆ ಒತ್ತೆ ಇಟ್ಟದ್ದು ಸಣ್ಣ ಸಂಗತಿ ಅಲ್ಲ.

ಇನ್ನು ಗೋವಾ. ಅದರ ಕಿಡಿ ಹತ್ತಿದ್ದು ನಮ್ಮ ಕಾರವಾರದ ಕಣ್ಣೆದುರಿಗೆ. ಕಾರವಾರದ ಹತ್ತಿರದ ಅಂಜದೀವ್ ದ್ವೀಪ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್ 17ರಂದು ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನದಲ್ಲಿ ಮೀನು ಹಿಡಿಯಲು ಹೋದವನೊಬ್ಬ ಗುಂಡಿಗೆ ಸತ್ತ. ಡಿಸೆಂಬರ್ 18ರಂದು ಸೇನೆ ಗೋವಾದೊಳಗೆ ನುಗ್ಗಿತು, 19ಕ್ಕೆ ಮುಗಿಯಿತು. ಅಂಜದೀವ್ ಹಿಡಿಯುವ ಕೆಲಸ 'ತ್ರಿಶೂಲ್' ಮತ್ತು 'ಮೈಸೂರು' ಯುದ್ಧನೌಕೆಗಳಿಗೆ ಬಿತ್ತು, ನೌಕಾದಳದ ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ನಾಲ್ಕೂವರೆ ಶತಮಾನದ ಆಳ್ವಿಕೆ ಎರಡು ದಿನದಲ್ಲಿ ಹೋಯಿತು. ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಭಾರತದ ವಿರುದ್ಧ ನಿರ್ಣಯ ತಂದವು. ಸೋವಿಯತ್ ರಷ್ಯಾ ವೀಟೊ ಹಾಕಿ ತಡೆಯಿತು. ಈ ಟರ್ಕಿಯ ಹೆಸರನ್ನು ನಮ್ಮವರು ಗಮನಿಸಬೇಕು. ಮುಸ್ಲಿಂ ದೇಶ ಅಂದರೆ ಒಂದೇ ಕಡೆ ನಿಲ್ಲುತ್ತದೆ ಎಂದುಕೊಂಡವರಿಗೆ, ನಮ್ಮೊಳಗಿನವರನ್ನೂ ಸೇರಿಸಿ ಹೇಳ್ತಿದ್ದೇನೆ, ಅಂತರರಾಷ್ಟ್ರೀಯ ರಾಜಕೀಯ ಹಾಗೆ ನಡೆಯುವುದಿಲ್ಲ.

ಗೋವಾ ಆಗಿ ಎರಡೇ ತಿಂಗಳಿಗೆ ಮತದಾನ. ಮೆನನ್‌ರನ್ನು ಗೆಲ್ಲಿಸಲೆಂದೇ ಈ ದಂಡಯಾತ್ರೆ ಎಂದು ವಿರೋಧಿಗಳು ಹೇಳಿದರು. ಈಗ ಇಂಥ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಆಗ ಹಾಗೆ ಕೇಳಿದ ಕೃಪಲಾನಿಯವರನ್ನು ಯಾರೂ ಪೋರ್ಚುಗಲ್‌ಗೆ ಹೋಗು ಅನ್ನಲಿಲ್ಲ. ಹಾಗಂತ ಮಾತುಗಳೇನೂ ಮೆತ್ತಗಿರಲಿಲ್ಲ. ಮೆನನ್ ಮಾಸ್ಕೋದ ಮನುಷ್ಯ, ಚೀನಾದ ಮನುಷ್ಯ ಎಂದು ಒಂದು ಕಡೆ. ಕೃಪಲಾನಿ ಅಮೆರಿಕಕ್ಕೆ ಬೇಕಾದವರು, ಸಾಹುಕಾರರ ಅಭ್ಯರ್ಥಿ ಎಂದು ಇನ್ನೊಂದು ಕಡೆ. ಏನು ಮಾಡಬೇಕು ಎಂಬ ವಾದ, ನೀನು ಯಾರ ಮನುಷ್ಯ ಎಂಬ ಜಗಳಕ್ಕೆ ಜಾರುವ ದಾರಿ ಆಗಲೇ ಕಾಣಿಸಿತ್ತು. ಆದರೆ ಜನ ಭಾಷಣ ಕೇಳಿದರು, ಲೆಕ್ಕ ಹಾಕಿದರು, ವೋಟು ಹಾಕಿದರು. ಮೆನನ್ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಗೆದ್ದ ವಾದವೇ ನಿಜ ಆಗಬೇಕೆಂದೇನೂ ಇಲ್ಲ. ಎಂಟು ತಿಂಗಳು ಕಳೆಯುವುದರೊಳಗೆ, 1962ರ ಅಕ್ಟೋಬರ್ 20ರಂದು, ಚೀನಾ ಎರಡೂ ಕಡೆಯಿಂದ ದಾಳಿ ಮಾಡಿತು. ಚಳಿಗೆ ಬಟ್ಟೆ ಇಲ್ಲದ, ಸರಿಯಾದ ಬಂದೂಕು ಇಲ್ಲದ ಸೈನಿಕರ ಸುದ್ದಿ ದೇಶವಿಡೀ ಹರಡಿತು. ನವೆಂಬರ್ 7ಕ್ಕೆ ಮೆನನ್ ಮಂತ್ರಿಮಂಡಲದಿಂದಲೇ ಹೊರಬಿದ್ದರು. ಚೀನಾದ ಬಗ್ಗೆ ಕೃಪಲಾನಿ ಹೇಳಿದ್ದು ಸರಿಯಾಗಿತ್ತು, ಉತ್ತರ ಮುಂಬೈ ಅವರನ್ನು ಸೋಲಿಸಿತ್ತು. ಅಬ್ಬಾ ಇದನ್ನು ಹೇಳುವಾಗ ಯೂಸುಫ್ ಭಾಯ್ ಮೇಲಿನ ಪ್ರೀತಿಯಿಂದ ಸ್ವಲ್ಪ ಮುಜುಗರ ಪಡುತ್ತಿದ್ದರು.

ಕೃಪಲಾನಿ ಸುಮ್ಮನೆ ಕೂರಲಿಲ್ಲ. 1963ರ ಮೇನಲ್ಲಿ ಉತ್ತರ ಪ್ರದೇಶದ ಅಮ್ರೋಹಾದಲ್ಲಿ ಉಪಚುನಾವಣೆ ಬಂತು. ಚೀನಾ ಯುದ್ಧದ ಸೋಲು ಇನ್ನೂ ಸುಡುತ್ತಿರುವಾಗ, ರಕ್ಷಣಾ ನೀತಿಯ ಬಗ್ಗೆ ದೇಶದಲ್ಲೇ ಅತಿ ದೊಡ್ಡ ಟೀಕಾಕಾರ ಕಣದಲ್ಲಿ ನಿಂತಿರುವಾಗ, ಕಾಂಗ್ರೆಸ್ ಏನು ಮಾಡಬೇಕಿತ್ತು? ನೀತಿಯನ್ನು ಸಮರ್ಥಿಸಬೇಕು, ಇಲ್ಲ ತಪ್ಪು ಒಪ್ಪಿಕೊಳ್ಳಬೇಕು. ಅದು ಬಿಟ್ಟು, ಕ್ಷೇತ್ರದಲ್ಲಿ ಮುಸ್ಲಿಂ ಮತದಾರರು ಬಹಳ ಇದ್ದಾರೆಂದು, ಮೊದಲು ಆರಿಸಿದ ಅಭ್ಯರ್ಥಿಯನ್ನು ಬದಲಿಸಿ ಕೇಂದ್ರ ಮಂತ್ರಿ ಹಾಫಿಜ್ ಮೊಹಮ್ಮದ್ ಇಬ್ರಾಹಿಂ ಅವರನ್ನು ನಿಲ್ಲಿಸಿತು. ಹಿರಿಯರು, ಸ್ವಾತಂತ್ರ್ಯ ಹೋರಾಟ ಕಂಡವರು, ಅವರ ಯೋಗ್ಯತೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಲೆಕ್ಕ ನೋಡಿ. ಹದಿನೈದು ತಿಂಗಳ ಹಿಂದೆ ಘಾಟ್ಕೋಪರ್‌ನ ಮುಸಲ್ಮಾನ ಹುಡುಗನಿಗೆ ಗೋವಾ, ಚೀನಾ, ಕಾಶ್ಮೀರ ವಿವರಿಸಿ ಹೇಳಿದ ಪಕ್ಷ, ಅಮ್ರೋಹಾದ ಮುಸಲ್ಮಾನನಿಗೆ ಹೇಳಿದ್ದು ಇಷ್ಟೇ: ನಿನ್ನವನನ್ನು ನಿಲ್ಲಿಸಿದ್ದೇವೆ. ಕೃಪಲಾನಿ ಗೆದ್ದರು. ಆಗಸ್ಟಿನಲ್ಲಿ ಅವರು ನೆಹರೂ ಸರಕಾರದ ವಿರುದ್ಧ ಮಂಡಿಸಿದ್ದೇ ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ನಿರ್ಣಯ. ಮುಸಲ್ಮಾನರು ವಿದೇಶಾಂಗ ನೀತಿಯ ಬಗ್ಗೆ ಯೋಚಿಸಿ ವೋಟು ಹಾಕುವವರಲ್ಲ ಎಂದು ಮೊದಲು ತೀರ್ಮಾನಿಸಿದವರು ನಮ್ಮನ್ನು ದ್ವೇಷಿಸುವವರಲ್ಲ, ನಮ್ಮ ವೋಟು ಬೇಕಾದವರು. ಇದು ನನಗೆ ಕಾಡುತ್ತದೆ.

ಮುಂದೆ 1965ರ ಸೆಪ್ಟೆಂಬರ್, ಪಾಕಿಸ್ತಾನದ ಜೊತೆ ಯುದ್ಧ. ಮುಂಬೈಯಲ್ಲಿ ರಾತ್ರಿ ದೀಪ ಆರಿಸಬೇಕಿತ್ತು, ಕಿಟಕಿಗೆ ಕಪ್ಪು ಕಾಗದ ಅಂಟಿಸಬೇಕಿತ್ತು. ಅಬ್ಬಾ ಇದ್ದ ಚಾಳಿನಲ್ಲಿ ಎಲ್ಲರೂ ಒಂದು ಹಾಳೆ ಅಂಟಿಸಿದರೆ ಅಬ್ಬಾ ಎರಡು ಅಂಟಿಸಿದರು. ಯಾರೂ ಹೇಳಿರಲಿಲ್ಲ. ಆದರೆ ನಮ್ಮವರು ಬ್ಯಾಟರಿ ಬೆಳಕು ತೋರಿಸಿ ವಿಮಾನಕ್ಕೆ ಸನ್ನೆ ಮಾಡ್ತಾರೆ ಅನ್ನೋ ಗುಸುಗುಸು ಕಿವಿಗೆ ಬಿದ್ದಿತ್ತು. ಮೂರು ವರ್ಷದ ಹಿಂದೆ ಕಾಶ್ಮೀರದ ಬಗ್ಗೆ ಭಾಷಣ ಕೇಳಿ ಬಂದ ಅದೇ ಮನುಷ್ಯ.

ಈಗ ನೆನಪಿನಲ್ಲಿಡಿ ಅಂದಿದ್ದೆನಲ್ಲ, ಅಲ್ಲಿಗೆ ಬರುತ್ತೇನೆ. 1967ರ ಚುನಾವಣೆಗೆ ಮೆನನ್ ಮತ್ತೆ ಮುಂಬೈಯಿಂದಲೇ ನಿಲ್ಲಬೇಕೆಂದಿದ್ದರು. ಹೊರಗಿನವರು, ಮರಾಠಿಯವರಲ್ಲ ಎಂಬ ಕೂಗೆದ್ದು ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಪಕ್ಷ ಬಿಟ್ಟು ಈಶಾನ್ಯ ಮುಂಬೈಯಲ್ಲಿ ಪಕ್ಷೇತರರಾಗಿ ನಿಂತರು, ಎದುರಿಗೆ ಕಾಂಗ್ರೆಸ್ಸಿನ ಎಸ್.ಜಿ. ಬರ್ವೆ. 1966ರ ಜೂನ್‌ನಲ್ಲಿ ಹುಟ್ಟಿದ್ದ ಶಿವಸೇನೆ ಮೆನನ್ ವಿರುದ್ಧ ಬೀದಿಗಿಳಿಯಿತು. ದಕ್ಷಿಣದವರನ್ನೆಲ್ಲ 'ಮದ್ರಾಸಿ' ಎಂದು ಸೇರಿಸಿ ಬೈಯುತ್ತಿದ್ದ ಕಾಲ, ಉಡುಪಿ ಹೋಟೆಲುಗಳಿಗೆ ಕಲ್ಲು ಬೀಳುತ್ತಿದ್ದ ಕಾಲ. ಮೆನನ್ ಸೋತರು. ಕೆಲವೇ ದಿನಗಳಲ್ಲಿ ಬರ್ವೆ ತೀರಿಕೊಂಡು ಉಪಚುನಾವಣೆ ನಡೆದಾಗ ಬರ್ವೆಯವರ ಸಹೋದರಿ ತಾರಾ ಸಪ್ರೆ ಎದುರು ಮತ್ತೊಮ್ಮೆ ಸೋತರು. ಮೆನನ್ ಸೋಲಬೇಕಾಗಿತ್ತು, 1962ರ ಯುದ್ಧದ ಹೊಣೆಗೆ ಸೋಲಬೇಕಾಗಿತ್ತು. ಸೋತದ್ದು ಮಾತ್ರ ಮಲಯಾಳಿ ಎಂಬ ಕಾರಣ ಮುಂದೆ ಮಾಡಿ. ಆ ಯುದ್ಧದ ಲೆಕ್ಕವನ್ನು ಮತದಾರ ಕೇಳಬಹುದಾಗಿದ್ದ ಒಂದು ಅವಕಾಶ ಹೀಗೆ ಹೋಯಿತು. ಅದೇ ವರ್ಷ ಥಾಣೆ ನಗರಸಭೆ ಶಿವಸೇನೆಯ ಕೈಗೆ ಬಂತು, ಅದರ ಮೊದಲ ಅಧಿಕಾರ ಅಲ್ಲಿಯದೇ. ಹಾಂ, ಅದೇ 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಊರು ಪೂರ್ತಿ ಕೆಟ್ಟಿರಲಿಲ್ಲ.

1992-93ರ ಗಲಭೆಯ ನಂತರ ಮುಂಬೈಯ ಎಷ್ಟೋ ಮುಸ್ಲಿಂ ಕುಟುಂಬಗಳು ಮುಂಬ್ರಾ ಕಡೆಗೆ ಬಂದವು. ನಾವು ಇನ್ನೂ ಮುಂದೆ, ಕಲ್ಯಾಣ್‌ಗೆ ಬಂದೆವು. ಅಬ್ಬಾ ಆ ಕಪ್ಪು ಕಾಗದದ ಕಥೆ ಹೇಳಿದ್ದು ಇಲ್ಲಿಗೆ ಬಂದ ಮೇಲೆ, 1999ರಲ್ಲಿ, ಕಾರ್ಗಿಲ್ ಯುದ್ಧದ ದಿನಗಳಲ್ಲಿ. ದಿಲೀಪ್ ಕುಮಾರ್‌ಗೆ ಹಿಂದಿನ ವರ್ಷ ಪಾಕಿಸ್ತಾನ ಕೊಟ್ಟಿದ್ದ 'ನಿಶಾನ್-ಎ-ಇಮ್ತಿಯಾಜ್' ಪ್ರಶಸ್ತಿಯನ್ನು ವಾಪಸ್ ಮಾಡಲಿ, ಇಲ್ಲದಿದ್ದರೆ ದೇಶನಿಷ್ಠೆ ಎಂಥದು ಎಂದು ಶಿವಸೇನೆ ಪಟ್ಟು ಹಿಡಿದಿತ್ತು. ಭಾರತದ ವಿದೇಶಾಂಗ ನೀತಿಗಾಗಿ ಇದೇ ಊರಿನ ಮೈದಾನಗಳಲ್ಲಿ ನಿಂತು ವೋಟು ಕೇಳಿದ ಮನುಷ್ಯನನ್ನು, ಮೂವತ್ತೇಳು ವರ್ಷದ ಮೇಲೆ, ನೀನು ಯಾವ ದೇಶದವನು ಅಂತ ಕೇಳಿದರು. ಪ್ರಧಾನಿ ವಾಜಪೇಯಿ, ಇಟ್ಟುಕೊಳ್ಳುವುದು ಬಿಡುವುದು ಅವರಿಗೇ ಬಿಟ್ಟದ್ದು ಎಂದರು. ದಿಲೀಪ್ ಕುಮಾರ್ ಇಟ್ಟುಕೊಂಡರು.

ಆ ದಿನಗಳದೇ ಇನ್ನೊಂದು ಸಂಗತಿಯನ್ನು ಪಾಕಿಸ್ತಾನದ ಮಾಜಿ ವಿದೇಶಾಂಗ ಮಂತ್ರಿ ಖುರ್ಷಿದ್ ಕಸೂರಿ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ವಾಜಪೇಯಿ ನವಾಜ್ ಷರೀಫರಿಗೆ ಫೋನ್ ಮಾಡಿ ಮಾತಾಡಿ, ಆಮೇಲೆ ಫೋನನ್ನು ಪಕ್ಕದಲ್ಲಿದ್ದ ದಿಲೀಪ್ ಕುಮಾರ್ ಕೈಗೆ ಕೊಟ್ಟರಂತೆ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಎರಡು ದೇಶಗಳ ನಡುವೆ ಬಿಸಿ ಏರಿದಾಗಲೆಲ್ಲ ಭಾರತದ ಮುಸಲ್ಮಾನರಿಗೆ ಮನೆಯಿಂದ ಹೊರಗೆ ಬರುವುದೂ ಕಷ್ಟವಾಗುತ್ತದೆ ಎಂಬ ಅರ್ಥದ ಮಾತನ್ನು ಅವರು ಷರೀಫರಿಗೆ ಹೇಳಿದರು ಎನ್ನುತ್ತಾರೆ ಕಸೂರಿ.

1962ರಲ್ಲಿ ಅದೇ ಮನುಷ್ಯ ಮಾತಾಡಿದ್ದು ಗೋವಾ ಮತ್ತು ಕಾಶ್ಮೀರದ ಬಗ್ಗೆ, ಭಾರತದ ಒಬ್ಬ ಪ್ರಜೆಯಾಗಿ. 1999ರಲ್ಲಿ ಅವರು ಮಾತಾಡಬೇಕಾಗಿ ಬಂದದ್ದು ತಮ್ಮವರ ಮನೆ ಬಾಗಿಲಿನ ಬಗ್ಗೆ. ಅಮೆರಿಕದ ವಾದದಲ್ಲೂ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಗಾಜಾದ ಬಗ್ಗೆ ಅವತ್ತು ಬೆಳಿಗ್ಗೆ ಆ ಇಬ್ಬರ ಮಾತು ಕೇಳಿ ನನ್ನ ಹೊಟ್ಟೆ ಉರಿಯಿತು. ಆದರೆ ಮಿಷಿಗನ್‌ನ ಒಬ್ಬ ಅರಬ್ ಮತದಾರ, ನಿಮ್ಮ ನೀತಿ ನನಗೆ ಒಪ್ಪಿಗೆ ಇಲ್ಲ, ವೋಟು ಕೊಡಲ್ಲ ಅಂತ ಹೆಸರು ಹೇಳಿ ಕ್ಯಾಮೆರಾ ಮುಂದೆ ನಿಲ್ಲುತ್ತಾನೆ. ನಾನು ಲೋಕಲ್‌ನಲ್ಲಿ ಗಾಜಾದ ಮಾತು ಬಂದಾಗ ಮೊಬೈಲಿನ ದನಿ ಕಡಿಮೆ ಮಾಡಿದೆ. ಯಾರೂ ಹೇಳಿರಲಿಲ್ಲ.

ಮರುದಿನ ಶೆಟ್ರು ಸಿಕ್ಕಾಗ ಈ ಕಥೆಯ ಅರ್ಧ ಹೇಳಿದೆ. ಮೆನನ್ ಹೆಸರು ಅವರಿಗೆ ಗೊತ್ತಿತ್ತು, ಅವರ ದೊಡ್ಡಪ್ಪನ ಹೋಟೆಲಿಗೂ 67ರ ಆಸುಪಾಸಿನಲ್ಲಿ ಕಲ್ಲು ಬಿದ್ದಿತ್ತಂತೆ. ಥಾಣೆ ಬರುವಾಗ ಏಳುತ್ತಾ ಕೇಳಿದರು, "ಹಾಗಾದ್ರೆ ನಿಮ್ಮ ತಂದೆಯವರು 67ರಲ್ಲಿ ವೋಟು ಯಾರಿಗೆ ಹಾಕಿದ್ರು?"

"ಮೆನನ್‌ಗೇ. ಸೋಲ್ತಾರೆ ಅಂತ ಗೊತ್ತಿತ್ತು. ಚೀನಾ ವಿಷಯದಲ್ಲಿ ತಪ್ಪು ಮಾಡಿದ್ದಾರೆ ಅಂತಲೂ ಗೊತ್ತಿತ್ತು."

"ಮತ್ತೆ ಯಾಕೆ?"

ಅಷ್ಟರಲ್ಲಿ ಜನ ನೂಕಿ ಅವರನ್ನು ಪ್ಲಾಟ್‌ಫಾರ್ಮಿಗೆ ಇಳಿಸಿಬಿಟ್ಟರು.